ಮುಟ್ಟಿದ ಮೇಲೆ ಒಂದು ರಿಂಗು

ಸಿಡ್ನಿಯ ಟೂಂಗಾಬಿಯ ನಮ್ಮ ಮನೆಯ ಅಡುಗೆಮನೆಯಲ್ಲಿ, ಸಾಸಿವೆ ಡಬ್ಬಿಯ ಪಕ್ಕ, ಹಳೆಯ ಫೋನೊಂದು ಯಾವಾಗಲೂ ಚಾರ್ಜಿಗೆ ಹಾಕಿದಂತೆಯೇ ಇರುತ್ತದೆ. ಅದು ನನ್ನ ಹೆಂಡತಿ ಕಸ್ತೂರಿಯದು. ಅವಳು ಹೋಗಿ ಒಂದು ವರ್ಷದ ಮೇಲಾಯಿತು. ಫೋನಿನ ಅಂಚಿಗೆ ಒಗ್ಗರಣೆಯ ಜಿಡ್ಡು ಇನ್ನೂ ಅಂಟಿಕೊಂಡಿದೆ. ಒರೆಸಲು ನನಗೆ ಮನಸ್ಸಿಲ್ಲ. ಕೆಲಸದ ಜಾಗ ಮುಟ್ಟಿದ ಕೂಡಲೇ ಆ ನಂಬರಿಗೆ ಒಂದು ರಿಂಗು ಕೊಟ್ಟು ಕಟ್ ಮಾಡುತ್ತೇನೆ. ಸಂಜೆ ಮನೆಗೆ ಬಂದರೆ ಅದರ ಮುಖದ ಮೇಲೆ "ಮನಿಯವರು" ಎಂದು ಬರೆದು ಮಿಸ್ಡ್ ಕಾಲ್ ತೋರಿಸುತ್ತಿರುತ್ತದೆ. ಅವಳು ನನ್ನ ನಂಬರನ್ನು ಹಾಗೆಯೇ ಹಾಕಿಕೊಂಡಿದ್ದಳು. ಹುಚ್ಚು ಅನ್ನಿ, ಬೇಡವೆನ್ನುವುದಿಲ್ಲ. ಕೆಲವರು ಪಟಕ್ಕೆ ಊದಿನಕಡ್ಡಿ ಬೆಳಗುತ್ತಾರೆ, ನಾನು ರಿಂಗು ಕೊಡುತ್ತೇನೆ.

ಮಿಸ್ಡ್ ಕಾಲಿನ ಶಾಸ್ತ್ರವನ್ನು ನಿಮಗೆ ನಾನೇನು ಕಲಿಸುವುದು. ಬಸ್ಸು ಇಳಿದರೆ ಒಂದು ರಿಂಗು, ಮದುವೆ ಮನೆ ಮುಟ್ಟಿದರೆ ಒಂದು ರಿಂಗು. ಅಪ್ಪಿತಪ್ಪಿ ಆ ಕಡೆಯವರು ಎತ್ತಿಬಿಟ್ಟರೋ, "ಎತ್ತು ಅಂತ ಯಾರ್ ಹೇಳಿದ್ರು ನಿನಗ?" ಎಂಬ ಬೈಗುಳ. ದುಡ್ಡು ಉಳಿಸಲು ಹುಟ್ಟಿದ ಬುದ್ಧಿ ಎಂದು ಎಲ್ಲರೂ ಹೇಳುತ್ತಾರೆ. ನನ್ನನ್ನು ಕೇಳಿದರೆ ಅದು ಮೊಬೈಲಿಗಿಂತ ಹಳೆಯದು.

ನನ್ನ ಅಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದಡಿ ಕೆಲಸ ಮಾಡುತ್ತಿದ್ದ. ಪಾಳಿ ಮುಗಿಸಿ ಮೇಲೆ ಬಂದು, ಸೈಕಲ್ ಹತ್ತಿ, ನಮ್ಮ ಓಣಿಯ ತಿರುವಿಗೆ ಬಂದಾಗ ಒಂದೇ ಒಂದು ಸಲ ಗಂಟೆ ಹೊಡೆಯುತ್ತಿದ್ದ. ಅಡ್ಡ ಬರಲು ಆ ಓಣಿಯಲ್ಲಿ ಕೋಳಿಯೂ ಇರುತ್ತಿರಲಿಲ್ಲ. ಅವ್ವ ಜೋಳದ ಹಿಟ್ಟು ನಾದಿಟ್ಟು, ಒಲೆಯ ಮುಂದೆ ಕೈಕಟ್ಟಿ ಕೂತಿರುತ್ತಿದ್ದಳು. ಆ ಗಂಟೆ ಕೇಳಿದ ಮೇಲೆಯೇ ಹಂಚು ಒಲೆಗೆ ಏರುವುದು. "ಹಸಿವಾಗೇತಿ, ಮೊದಲ ಇಡಬಾರದೇನವ್ವ?" ಎಂದು ನಾನು ಗೋಳಾಡಿದರೆ, "ತಡಿಯಪ್ಪ, ಮ್ಯಾಲೆ ಬರ್ಲಿ" ಎನ್ನುತ್ತಿದ್ದಳು. ಅಪ್ಪ ಒಳಗೆ ಬಂದ ಮೇಲೆ ಇಬ್ಬರೂ ಒಂದು ಮಾತನ್ನೂ ಆಡುತ್ತಿರಲಿಲ್ಲ. ಆಡುವುದು ಆಗಲೇ ಮುಗಿದಿರುತ್ತಿತ್ತು.

ಎಂಟನೆಯ ಇಯತ್ತೆಯಲ್ಲಿ ನನಗೆ ಶಾಲೆ ಸಾಕಾಯಿತು, ಶಾಲೆಗೆ ನಾನು ಅದಕ್ಕೂ ಮೊದಲೇ ಸಾಕಾಗಿದ್ದೆ. ಅಪ್ಪ ಹೊಡೆಯಲಿಲ್ಲ. "ಸಾಲಿ ಬಿಟ್ರ ಬಿಡು. ಆದ್ರ ನೆಲದಾಗ ಮಾತ್ರ ಇಳಿಬ್ಯಾಡ. ಬಿಸಿಲಿಗೆ ಕಾಣೋ ಕೆಲಸ ಕಲಿ" ಎಂದ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ವೆಲ್ಡಿಂಗ್ ಕಲಿತೆ. ಅಲ್ಲಿಂದ ಮಸ್ಕತ್, ಮಸ್ಕತ್‌ನಿಂದ ಸಿಡ್ನಿ. ಈಗ ನನ್ನದೇ ಒಂದು ಶೆಡ್ಡು ಇದೆ. ಗೇಟು, ಗ್ರಿಲ್ಲು, ಮೆಟ್ಟಿಲ ಕಟಕಟೆ ಮಾಡುತ್ತೇನೆ. ನನ್ನ ಬೆಸುಗೆ ಇದುವರೆಗೆ ಎಲ್ಲಿಯೂ ಬಿಟ್ಟಿಲ್ಲ. ಜಂಬ ಅನ್ನಿಸಿದರೆ ಅನ್ನಿಸಲಿ, ಇದ್ದದ್ದು ಹೇಳಿದೆ.

ಇಲ್ಲಿಗೆ ಬಂದ ಮೇಲೂ ಕಸ್ತೂರಿ ರಿಂಗಿನ ಪದ್ಧತಿ ಬಿಡಲಿಲ್ಲ. ಮಗಳು ಅಶ್ವಿನಿ ನಕ್ಕೂ ನಕ್ಕೂ ಸಾಕಾಗಿದ್ದಳು. "ಅಮ್ಮಾ, ಇಟ್ಸ್ ಅನ್‌ಲಿಮಿಟೆಡ್! ಯು ಕ್ಯಾನ್ ಆಕ್ಚುಲಿ ಟಾಕ್!" ಎಂದರೆ, ಕಸ್ತೂರಿ ರೊಟ್ಟಿ ಬಡಿಯುತ್ತಲೇ, "ಮಾತಾಡಾಕ ಏನೈತವಾ? ಮುಟ್ಯಾರ ಅಂತ ಗೊತ್ತಾದ್ರ ಸಾಕಲ್ಲ" ಎನ್ನುತ್ತಿದ್ದಳು. ಅವಳು ಹೋದ ಮೇಲೆ ಆ ರೊಟ್ಟಿ ಹಂಚು ಗೋಡೆಯ ಮೊಳೆಯಿಂದ ಇಳಿದಿರಲಿಲ್ಲ. ಟೂಂಗಾಬಿಯ ಅಂಗಡಿಯಲ್ಲಿ ಪ್ಯಾಕೆಟ್ ಚಪಾತಿ ಸಿಗುತ್ತದೆ. ಬಿಸಿ ಮಾಡಿದರೆ ರಬ್ಬರು, ಮಾಡದಿದ್ದರೆ ರಟ್ಟು.

ಅಶ್ವಿನಿಗೆ ಮೆಲ್ಬರ್ನಿನಲ್ಲಿ ಕೆಲಸ. ಬಾಕ್ಸ್ ಹಿಲ್‌ನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ, ಅಲ್ಲೇ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ತಾಯಿಯ ದಿನಕಾರ್ಯ ಮುಗಿದ ಮೇಲೆ, "ಅಪ್ಪಾ, ಕಮ್ ಅಂಡ್ ಲಿವ್ ವಿತ್ ಮಿ" ಎಂದು ಕರೆದಳು. "ಬ್ಯಾಡವಾ, ನಾ ಯಾರ ಮನ್ಯಾಗೂ ಕೂತು ಉಣ್ಣೋ ಮನಷ್ಯಾ ಅಲ್ಲ" ಎಂದೆ. ಅವಳು "ಓಕೆ" ಎಂದಳು.

ಅಲ್ಲಿಗೆ ಮುಗಿಯಿತು. ಈಗ ನೀವೇ ಹೇಳಿ. ನಮ್ಮ ಕಡೆ ಪಂಕ್ತಿಯಲ್ಲಿ ಕೂತವನು "ಹೋಳಿಗಿ ಬ್ಯಾಡ್ರಿ" ಎಂದು ಎಲೆಗೆ ಕೈ ಅಡ್ಡ ಇಟ್ಟರೆ ಬಡಿಸುವವರು ಸುಮ್ಮನೆ ಮುಂದೆ ಹೋಗುತ್ತಾರೆಯೇ? ಕೈ ಸರಿಸಿ ಹಾಕುತ್ತಾರೆ. ಮೊದಲನೆಯ ಬ್ಯಾಡ ಮರ್ಯಾದೆಗೆ, ಎರಡನೆಯದು ಹೊಟ್ಟೆ ನೋಡಿಕೊಳ್ಳಲು. ಮೂರನೆಯ ಸಲವೂ ಅಂದರೆ ನಿಜವಾಗಿ ಬ್ಯಾಡ. ಈ ದೇಶದಲ್ಲಿ ಬೆಳೆದ ಹುಡುಗಿ ಮೊದಲನೆಯದನ್ನೇ ಹಿಡಿದುಕೊಂಡು ಹೋಗಿಬಿಟ್ಟಳು. ಇನ್ನೊಮ್ಮೆ ಕರೆಯುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಭಾನುವಾರಕ್ಕೊಮ್ಮೆ ಫೋನು ಬರುತ್ತಿತ್ತು. "ಹೌ ಆರ್ ಯು, ಅಪ್ಪಾ?" "ಆರಾಮ." "ಊಟ?" "ಆತು." ಆಮೇಲೆ ಇಬ್ಬರೂ ಫೋನು ಹಿಡಿದುಕೊಂಡು ಸುಮ್ಮನಿರುವುದು. ತಾನಾಗಿ ಕೇಳಲು ಅವಳಿಗೆ ಗೊತ್ತಿಲ್ಲ. ನಾನಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ಕ್ರಿಸ್‌ಮಸ್ ಬಂತು. ಆ ಹೊತ್ತಿಗೆ ಇಲ್ಲಿ ಕಟ್ಟಡದ ಕೆಲಸವೆಲ್ಲ ಬಂದ್. ನಮ್ಮ ಜನ ಅರ್ಧ ಊರಿಗೆ ಹೋಗುತ್ತಾರೆ, ಅರ್ಧ ಸಮುದ್ರಕ್ಕೆ. ಶೆಡ್ಡಿನಲ್ಲಿ ಒಬ್ಬನೇ ಕೂತು ಗುಡಿಸಿದ್ದನ್ನೇ ಗುಡಿಸಿದೆ. ಕೊನೆಗೆ ಮೆಲ್ಬರ್ನಿಗೆ ಹೋಗುವುದೆಂದು ತೀರ್ಮಾನಿಸಿದೆ. ಆದರೆ ಕರೆಯದೆ ನೆಟ್ಟಗೆ ಹೋಗಿ ಬಾಗಿಲು ಬಡಿಯುವುದು ಹೇಗೆ? ಹೇಗೋ ಆ ಕಡೆ ಬಂದಿದ್ದೆ, ನೋಡಿಕೊಂಡು ಹೋಗೋಣ ಅಂತ ಬಂದೆ ಎನ್ನಬೇಕು. ಅದಕ್ಕೆ ಮೊದಲು ಎಲ್ಲಿಗಾದರೂ ಹೋಗಿರಬೇಕಲ್ಲ!

ಗೇಟಿನ ಕೀಲು ತೋರಿಸಲು ಬಂದ ರೌಸ್ ಹಿಲ್‌ನ ಸುರೇಶ್ ಕೇಳಿದ. ಬೆಂಗಳೂರಿನವನು, ಕಂಪ್ಯೂಟರ್ ಕೆಲಸ.

"ಎಲ್ಲಿಗೆ ಅಂಕಲ್, ಯೂಟ್ ಎಲ್ಲ ತೊಳ್ದಿದ್ದೀರಾ?"

"ಮೆಲ್ಬರ್ನ್‌ಗೆ. ಬ್ರೋಕನ್ ಹಿಲ್, ವೂಮೆರಾ, ಕೂಬರ್ ಪೀಡಿ ಮ್ಯಾಲೆ ಹಾಯ್ದು."

ಅವನು ಫೋನಿನಲ್ಲಿ ನಕ್ಷೆ ತೆಗೆದು ನೋಡಿದ, ನನ್ನ ಮುಖ ನೋಡಿದ. "ಅಂಕಲ್, ಇದು ಮೈಸೂರಿಗೆ ಹೋಗೋಕೆ ಬಾಂಬೆ ಸುತ್ಕೊಂಡು ಹೋದ ಹಂಗಾಯ್ತು."

"ದಾರಿ ಮ್ಯಾಲೆ ಐತಿ."

"ಯಾರ್ ದಾರಿ ಮೇಲೆ?"

ಆ ಕಡೆಯ ಗಣಿ ನೋಡಬೇಕೆಂಬ ಆಸೆಯೂ ಇತ್ತು, ಸುಳ್ಳಲ್ಲ. ಕಸ್ತೂರಿ ಇದ್ದಾಗ ಎಷ್ಟೋ ಸಲ ಹೊರಡೋಣ ಎಂದಿದ್ದೆ. "ಗಣಿ ಬಿಟ್ಟು ಸಮುದ್ರ ದಾಟಿ ಬಂದು ಮತ್ತ ಗಣೀನ ನೋಡಾಕ ಹೊಂಟೀರಿ? ಬಂಗಾರ ಕೊಡಸ್ರಿ ಅಂದ್ರ ಮಣ್ಣು ತೋರಸ್ತಾರ" ಎಂದು ನಗುತ್ತಿದ್ದಳು. ಯೂಟ್ ಎಂದರೆ ಹಿಂದೆ ತೆರೆದ ಡಬ್ಬಿಯಿರುವ ಗಾಡಿ. ಅದರಲ್ಲಿ ನೀರಿನ ಕ್ಯಾನು, ಅವಲಕ್ಕಿ, ಶೇಂಗಾ ಚಟ್ನಿ, ನನ್ನ ಸಾಮಾನಿನ ಪೆಟ್ಟಿಗೆ ಹಾಕಿಕೊಂಡು ಹೊರಟೆ. ಪಕ್ಕದ ಸೀಟು ಖಾಲಿ. ಮೊದಲ ದಿನ ಅದರ ಮೇಲೆ ಚೀಲವನ್ನೂ ಇಡಲಿಲ್ಲ.

ಬೆಟ್ಟ ಇಳಿದು ಡಬ್ಬೊ ಎಂಬ ಊರು ದಾಟಿದ ಮೇಲೆ ರಸ್ತೆ ಎನ್ನುವುದು ಯಾರೋ ದಾರ ಹಿಡಿದು ಗೆರೆ ಹೊಡೆದಂತೆ. ಅಲ್ಲಿ ಎದುರಿಗೆ ಬರುವ ಗಾಡಿಯವನು ಸ್ಟೇರಿಂಗಿನಿಂದ ಕೈ ತೆಗೆಯದೆ ಒಂದು ಬೆರಳು ಎತ್ತುತ್ತಾನೆ, ನಾವೂ ಎತ್ತಬೇಕು. ಅಷ್ಟೇ ನಮಸ್ಕಾರ. ಮೊದಲು ನನಗೆ ಗೊತ್ತಾಗಲಿಲ್ಲ, ಟೈರು ಪಂಚರ್ ಆಗಿದೆ ಎಂದು ತೋರಿಸುತ್ತಿದ್ದಾನೆಂದು ಗಾಡಿ ನಿಲ್ಲಿಸಿ ಇಳಿದು ಸುತ್ತು ಹೊಡೆದು ನೋಡಿದೆ. ಗೊತ್ತಾದ ಮೇಲೆ ಎದುರಿಗೆ ಚುಕ್ಕೆ ಕಂಡರೂ ಸಾಕು, ಬೆರಳು ತಯಾರು. ಸಿಡ್ನಿಯಲ್ಲಿ ಪಕ್ಕದ ಮನೆಯವನು ಕಸದ ಡಬ್ಬಿ ಎಳೆಯುವಾಗ ನನ್ನ ಮುಖ ನೋಡುವುದಿಲ್ಲ, ಇಲ್ಲಿ ಯಾರೋ ಯಾರಿಗೋ ಬೆರಳು ಎತ್ತುತ್ತಾರೆ. ಸಂಜೆಯ ತನಕ ನಾನು ಮನುಷ್ಯರೊಂದಿಗೆ ಆಡಿದ ಮಾತು ಅದೇ.

ಬ್ರೋಕನ್ ಹಿಲ್‌ನ ನಟ್ಟನಡುವೆ ಗಣಿಯ ಮಣ್ಣಿನದೇ ಒಂದು ಕರಿಗುಡ್ಡ. ಹಟ್ಟಿಯ ಮಣ್ಣಿನ ದಿಬ್ಬ ನೆನಪಾಗಿ, ಅಪರಿಚಿತ ಊರಿನಲ್ಲಿ ಹಳೆಯ ನೆಂಟನನ್ನು ಕಂಡಂತಾಯಿತು. ಬೀದಿಗಳ ಹೆಸರು ನೋಡಿದರೆ ಆಕ್ಸೈಡ್ ಬೀದಿ, ಕ್ಲೋರೈಡ್ ಬೀದಿ, ಸಲ್ಫೈಡ್ ಬೀದಿ. ಎಂಟನೆಯ ಇಯತ್ತೆಯಲ್ಲಿ ಯಾವ ವಿಜ್ಞಾನಕ್ಕೆ ಹೆದರಿ ಓಡಿಬಂದೆನೋ ಅದು ಇಲ್ಲಿ ಬೀದಿಬೀದಿಗೂ ನಿಂತು ಕಾಯುತ್ತಿತ್ತು. ಗುಡ್ಡದ ಮೇಲೆ, ಗಣಿಯಲ್ಲಿ ಸತ್ತವರ ಸ್ಮಾರಕ. ಹೆಸರಿನ ಜೊತೆಗೆ ಹೇಗೆ ಸತ್ತರೆಂಬುದನ್ನೂ ಬರೆದಿದ್ದಾರೆ. ಬಂಡೆ ಉರುಳಿ, ಕಾಲು ಜಾರಿ, ಮದ್ದು ಸಿಡಿದು. ಬೆರಳಿಟ್ಟು ಓದುತ್ತಾ ಹೋದೆ. ಓದುತ್ತಾ ಹೋದಂತೆ ಅವ್ವ ಒಲೆಯ ಮುಂದೆ ಯಾಕೆ ಹಾಗೆ ಕೂತಿರುತ್ತಿದ್ದಳೆಂಬುದು, ಈ ವಯಸ್ಸಿನಲ್ಲಿ, ಅಷ್ಟು ದೂರದಲ್ಲಿ, ಚೆನ್ನಾಗಿ ತಿಳಿಯಿತು. ನನ್ನ ಅಪ್ಪ ಪ್ರತಿ ಸಲವೂ ಮೇಲೆ ಬಂದಿದ್ದ. ಅಲ್ಲೇ ನಿಂತು ಕಸ್ತೂರಿಯ ಫೋನಿಗೆ ಒಂದು ರಿಂಗು ಕೊಟ್ಟೆ.

ವೂಮೆರಾ ಬೇರೆಯೇ ನಮೂನೆ. ಹಿಂದೊಮ್ಮೆ ಸೈನ್ಯದವರು ರಾಕೆಟ್ಟು, ಕ್ಷಿಪಣಿ ಹಾರಿಸಿ ನೋಡಲೆಂದೇ ಮರುಭೂಮಿಯಲ್ಲಿ ಕಟ್ಟಿಸಿದ ಊರು. ಹಾರಿ ಮುಗಿದ ರಾಕೆಟ್ಟುಗಳನ್ನು ಉದ್ಯಾನದಲ್ಲಿ ನಿಲ್ಲಿಸಿದ್ದಾರೆ, ನಮ್ಮಲ್ಲಿ ಜೋಕಾಲಿ, ಜಾರುಬಂಡಿ ಇಟ್ಟ ಹಾಗೆ. ಮನೆಗಳ ಸಾಲು ಅಚ್ಚುಕಟ್ಟು, ಮನುಷ್ಯರು ಕಡಿಮೆ. ಬೀದಿ ಗುಡಿಸಿಟ್ಟು ಯಾರನ್ನೋ ಕಾಯುತ್ತಿರುವಂಥ ಊರು. ನಾನು ರಾಕೆಟ್ಟಿನ ಹೊಟ್ಟೆಯ ಬೆಸುಗೆಗೆ ಕಣ್ಣಿಟ್ಟು ನೋಡಿದೆ. ಒಳ್ಳೆಯ ಕೈ. ಎಲ್ಲಿಯೂ ನಡುಗಿಲ್ಲ. ಯಾವನೋ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಂದು ಕೂತು ಇದನ್ನು ಬೆಸೆದಿದ್ದಾನೆ. ಹಾರಿದ್ದಕ್ಕೆ ಯಾರು ಯಾರಿಗೋ ಪದಕ ಸಿಕ್ಕಿರಬೇಕು. "ನೋಡಿಲ್ಲಿ" ಎಂದು ಪಕ್ಕಕ್ಕೆ ತಿರುಗಿದೆ. ಅಲ್ಲಿ ಇನ್ನೊಂದು ರಾಕೆಟ್ಟು ಇತ್ತು.

ಅಲ್ಲಿಂದ ಹೆದ್ದಾರಿಗೆ ಬಂದು ಸ್ವಲ್ಪ ದೂರ ಹೋಗಿದ್ದೇನೆ, ರೇಡಿಯೇಟರಿನ ಪೈಪು ಸೋರತೊಡಗಿತು. ಹೇಗೋ ಒಂದು ರೋಡ್‌ಹೌಸ್ ಮುಟ್ಟಿಸಿದೆ. ಪೆಟ್ರೋಲು, ಊಟ, ಹಾಸಿಗೆ ಎಲ್ಲ ಒಂದೇ ಸೂರಿನಡಿ ಸಿಗುವ ದಾರಿಯ ಅಂಗಡಿ ಅದು. ನಡೆಸುವವಳು ಶರ್ಲಿ ಎಂಬ ಹಿರಿಯ ಹೆಂಗಸು, ಕುಳ್ಳಗಿನ ಗಟ್ಟಿ ಆಳು. ಆಕೆ ಆಡಿದ್ದು ಇಂಗ್ಲಿಷು, ಆದರೆ ನನ್ನ ತಲೆಯೊಳಗೆ ಅದು ನಮ್ಮ ಭಾಷೆಯಾಗಿಯೇ ಉಳಿದಿದೆ, ಹಾಗೆಯೇ ಹೇಳುತ್ತೇನೆ.

"ಮೆಕ್ಯಾನಿಕ್ಕನ್ನ ಕರಸ್ಲೇನ?"

"ಬ್ಯಾಡ. ನಾನ ಮಾಡ್ಕೋತೀನಿ."

ಪೈಪು ಕತ್ತರಿಸಿ, ಸೇರಿಸಿ, ಬಿಗಿದು ಕಟ್ಟಿದೆ. ಆಕೆ ನೀರು ತಂದುಕೊಟ್ಟು ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು.

"ಎಲ್ಲಿಗೆ?"

"ಕೂಬರ್ ಪೀಡಿ."

"ಈ ಪೈಪ್ ಇಟ್ಕೊಂಡು, ಈ ಬಿಸಿಲಾಗ, ಒಬ್ಬಾಂವನ? ಅಲ್ಲಿ ನಿನ್ನ ಹಾದಿ ಕಾಯೋರು ಯಾರು?"

"ಯಾರೂ ಇಲ್ಲ. ಯಾಕ ಬೇಕು?"

"ನಡುವ ನಿಂತ್ರ ಯಾರಿಗೆ ಗೊತ್ತಾಗತೈತಿ? ಹದ್ದಿಗೆ. ಅಷ್ಟ." ಕೌಂಟರಿನಿಂದ ಒಂದು ಚೀಟಿ, ಪೆನ್ನು ತಂದು ಮುಂದೆ ಚಾಚಿದಳು. "ಗಾಡಿ ನಂಬರ್ ಬರಿ. ನಿನ್ನೋರ್ದು ಒಂದು ಫೋನ್ ನಂಬರ್ ಬರಿ. ಮುಟ್ಟಿದ ಮ್ಯಾಲೆ ನನಗ ರಿಂಗ್ ಮಾಡು. ಹೊತ್ತು ಮುಳುಗೋದ್ರಾಗ ಮಾಡ್ಲಿಲ್ಲಂದ್ರ ಪೊಲೀಸ್ರಿಗೆ ಹೇಳಾಕಿ ನಾ."

ಚೀಟಿ ಹಿಡಿದು ನಿಂತೆ. ಕೈ ತಾನಾಗಿಯೇ ಕಸ್ತೂರಿಯ ನಂಬರು ಬರೆಯತೊಡಗಿತು. ಅರ್ಧ ಬರೆದಾಗ ತಲೆಗೆ ಹೊಳೆಯಿತು. ಆ ಫೋನು ರಿಂಗಾದರೆ ಸಾಸಿವೆ ಡಬ್ಬಿ ಕೇಳಬೇಕು. ಬರೆದದ್ದನ್ನು ಹೊಡೆದುಹಾಕಿದೆ. ಪೆನ್ನಿನ ತುದಿ ಕಚ್ಚಿಕೊಂಡೆ. ಶರ್ಲಿ ಅವಸರ ಮಾಡಲಿಲ್ಲ, ಹೊರಗೆ ನೋಡುತ್ತಾ ನಿಂತಳು. ಅಶ್ವಿನಿಯ ನಂಬರು ಬರೆದುಕೊಟ್ಟೆ.

ಕೂಬರ್ ಪೀಡಿ ಓಪಲ್ ಎಂಬ ರತ್ನದ ಕಲ್ಲು ಅಗೆಯುವ ಊರು. ಅಲ್ಲಿನ ಸೆಕೆಗೆ ಜನ ಗುಡ್ಡ ಕೊರೆದು ನೆಲದೊಳಗೇ ಮನೆ ಮಾಡಿಕೊಂಡಿದ್ದಾರೆ, ಮೋಟೆಲ್ಲೂ ನೆಲದೊಳಗೆ. ಹೊತ್ತಿರುವಾಗಲೇ ಮುಟ್ಟಿದೆ. ಪೈಪು ಒಂದು ಹನಿಯನ್ನೂ ಬಿಟ್ಟಿರಲಿಲ್ಲ. ಮೋಟೆಲಿನ ಬಾಗಿಲಲ್ಲಿ ನಿಂತು, ಹೇಳಿದ ಮಾತಿನಂತೆ ಶರ್ಲಿಗೆ ರಿಂಗು ಕೊಟ್ಟೆ. ಒಂದು ಸಲ ರಿಂಗಾಯಿತು, ಕಟ್ ಮಾಡಿದೆ. ನೀವಾದರೂ ಅಷ್ಟೇ ಮಾಡುತ್ತಿದ್ದಿರಿ.

ಮೆಟ್ಟಿಲಿಳಿದು ಒಳಗೆ ಹೋದೆ. ನೆಲದಾಗ ಇಳಿಬ್ಯಾಡ ಎಂದಿದ್ದ ಅಪ್ಪ. ಕೆಂಪು ಕಲ್ಲಿನ ಗೋಡೆ, ಅದರ ಮೇಲೆ ಕೊರೆದ ಯಂತ್ರದ ಹಲ್ಲಿನ ಗುರುತು, ತಣ್ಣನೆಯ ಗಾಳಿ. ಸದ್ದು ಎಂಬುದೇ ಇಲ್ಲ. ಕೈಚಾಚಿ ಗೋಡೆ ಮುಟ್ಟಿದೆ. ಅಪ್ಪ ದಿನಾ ಮುಟ್ಟುತ್ತಿದ್ದದ್ದು ಇಂಥದ್ದನ್ನೇ ಇರಬೇಕು. ಹಾಗೆಯೇ ನಿದ್ದೆ ಹೋದೆ. ಕಲ್ಲಿನೊಳಗೆ ಫೋನಿಗೆ ಸಿಗ್ನಲ್ ಇರುವುದಿಲ್ಲ ಎಂಬುದು ನನ್ನ ತಲೆಗೇ ಬಂದಿರಲಿಲ್ಲ.

ಬಾಗಿಲು ಬಡಿದ ಸದ್ದಿಗೆ ಎದ್ದರೆ ಎದುರಿಗೆ ಎತ್ತರದ ಪೊಲೀಸಿನವನು.

"ನೀನೇನಾ ಸಂಗಪ್ಪ?"

"ಹೌದು. ನಾ ಏನ್ ಮಾಡೀನಿ?"

"ನೀನು ಬದುಕಿದ್ದೀಯ. ಅಷ್ಟೇ ನೋಡಬೇಕಿತ್ತು" ಎಂದ.

ಆಗಿದ್ದು ಇಷ್ಟು. ಶರ್ಲಿಯ ಫೋನು ಒಂದು ಸಲ ರಿಂಗಾಗಿ ಸತ್ತಿತು. ತಿರುಗಿ ಮಾಡಿದರೆ ನಾನು ಸಿಗಲಿಲ್ಲ, ಮತ್ತೆ ಮಾಡಿದರೂ ಸಿಗಲಿಲ್ಲ. ಬಿಸಿಲಿಗೆ ಬಿದ್ದವನು ಕೊನೆಯ ಶಕ್ತಿ ಸೇರಿಸಿ ಗುಂಡಿ ಒತ್ತಿದ್ದಾನೆ, ಮಾತಾಡುವ ಮೊದಲೇ ಹೋದ ಎಂದು ಆಕೆ ತಿಳಿದಳು. ಪೊಲೀಸರಿಗೆ ಹೇಳಿದಳು. ಅವರು ಚೀಟಿಯಲ್ಲಿದ್ದ ನಂಬರು ಹಿಡಿದು ಮೆಲ್ಬರ್ನಿಗೆ ಫೋನು ಮಾಡಿದರು.

"ನಿನ್ನ ಮಗಳು ಕೇಳಿದ್ದು ಒಂದೇ ಪ್ರಶ್ನೆ," ಎಂದ ಪೊಲೀಸಿನವನು. "ಎಷ್ಟು ಸಲ ರಿಂಗಾಯಿತು ಅಂತ. ಒಂದೇ ಸಲ ಅಂದೆ. ಹಾಗಾದರೆ ಅವರು ಕ್ಷೇಮವಾಗಿ ಮುಟ್ಟಿದ್ದಾರೆ, ನಮ್ಮ ಮನೆಯಲ್ಲಿ ಅದರ ಅರ್ಥ ಅದೇ ಅಂದಳು. ನಗುತ್ತಿದ್ದಳು. ಆಮೇಲೆ, ಆದರೂ ಒಂದು ಸಲ ಹೋಗಿ ನೋಡಿ ಅಂತ ಅಳತೊಡಗಿದಳು."

ಮೇಲೆ ಬಂದೆ. ಇನ್ನೂ ಬೆಳಕಿತ್ತು. ಮೊದಲು ಶರ್ಲಿಗೆ ಮಾಡಿದೆ, ಪೂರ್ತಿ ಬಾರಿಸಿ. ಆಕೆ ಬೈದದ್ದನ್ನು ಯಾವ ಭಾಷೆಯಲ್ಲಿಯೂ ಇಲ್ಲಿ ಬರೆಯಲಾರೆ. ಆಮೇಲೆ ಅಶ್ವಿನಿಗೆ.

"ಅಪ್ಪಾ! ವಾಟ್ ಆರ್ ಯು ಡೂಯಿಂಗ್ ಇನ್ ಕೂಬರ್ ಪೀಡಿ?"

"ಸುಮ್ನ. ಮೆಲ್ಬರ್ನ್‌ಗೆ ಹೊಂಟಿದ್ದೆ."

"ಫ್ರಮ್ ಸಿಡ್ನಿ? ದಟ್ಸ್ ದ ಅದರ್ ಸೈಡ್ ಆಫ್ ಎವೆರಿಥಿಂಗ್!"

"ದಾರಿ ಮ್ಯಾಲೆ ಐತಿ ಅಂತ…"

ಆ ಕಡೆ ಭಾನುವಾರದ ಮೌನವೇ, ಆದರೆ ಈ ಸಲ ಅದರೊಳಗೆ ಅವಳು ಮೂಗು ಒರೆಸಿಕೊಳ್ಳುವ ಸದ್ದಿತ್ತು.

"ಯು ಗೇವ್ ದೆಮ್ ಮೈ ನಂಬರ್" ಎಂದಳು.

"ಮತ್ಯಾರದು ಕೊಡ್ಲಿ?"

"ಜಸ್ಟ್ ಕಮ್, ಅಪ್ಪಾ" ಎಂದಳು.

ಬಾಕ್ಸ್ ಹಿಲ್‌ನ ಮನೆಯಲ್ಲಿ ಹೊಸ ವರ್ಷದ ತನಕ ಇದ್ದೆ. ಮೊದಲ ದಿನದ ಊಟಕ್ಕೆ ಅನ್ನ, ಸಾರು. ಸಾರು ತಾಯಿಯದರ ಹತ್ತಿರವೂ ಇರಲಿಲ್ಲ. ಇನ್ನಷ್ಟು ಅನ್ನ ಹಾಕಲು ಬಂದಾಗ, "ಬ್ಯಾಡವಾ" ಎಂದು ತಾಟಿಗೆ ಕೈ ಅಡ್ಡ ಇಟ್ಟೆ. ಅವಳು "ಓಕೆ" ಎಂದು ಪಾತ್ರೆ ಹಿಂದೆ ತೆಗೆದುಕೊಂಡು ಹೋದಳು. ಒಲೆಯ ಹತ್ತಿರ ನಿಂತಳು. ಏನು ನೆನಪಾಯಿತೋ, ಮತ್ತೆ ಬಂದು, ನನ್ನ ಕೈ ಸರಿಸಿ, ದೊಡ್ಡ ಸೌಟಿನಷ್ಟು ಹಾಕಿಬಿಟ್ಟಳು. "ಅಮ್ಮ ಯೂಸ್ಡ್ ಟು ಡು ದಿಸ್, ರೈಟ್?" ಎಂದಳು. ತಲೆ ತಗ್ಗಿಸಿ ಉಂಡೆ.

ಹೊರಡುವ ಬೆಳಿಗ್ಗೆ ಯೂಟಿನ ಕಿಟಕಿಗೆ ಕೈಯಿಟ್ಟು ನಿಂತು, "ಸ್ಟೇ, ಅಪ್ಪಾ" ಎಂದಳು.

"ಬ್ಯಾಡವಾ. ಗೇಟಿನ ಕೆಲಸ ಅದಾವು."

ಈ ಸಲ "ಓಕೆ" ಎನ್ನಲಿಲ್ಲ. "ಫೈನ್. ಐ ವಿಲ್ ಆಸ್ಕ್ ಅಗೇನ್ ಅಟ್ ಈಸ್ಟರ್" ಎಂದಳು. ಕಿಟಕಿಯಿಂದ ಕೈ ತೆಗೆದಳು, ಮತ್ತೆ ಇಟ್ಟಳು. ಆಮೇಲೆ ತಡವರಿಸುತ್ತಾ, ಪ್ರತಿ ಶಬ್ದವನ್ನೂ ಹುಡುಕಿ ಹುಡುಕಿ, ಕನ್ನಡದಲ್ಲಿ ಹೇಳಿದಳು: "ಮುಟ್ಟಿದ ಮ್ಯಾಲೆ… ಒಂದು ರಿಂಗ್ ಕೊಡು."

ಬರುವಾಗ ಸುತ್ತಲಿಲ್ಲ. ನೆಟ್ಟಗಿನ ಹೆದ್ದಾರಿ. ಎದುರಿನಿಂದ ಬಂದ ಗಾಡಿಗಳಿಗೆಲ್ಲ ಅಭ್ಯಾಸಬಲದಿಂದ ಬೆರಳೆತ್ತಿದೆ, ಒಬ್ಬನೂ ತಿರುಗಿ ಎತ್ತಲಿಲ್ಲ. ಟೂಂಗಾಬಿಯಲ್ಲಿ ಬಾಗಿಲು ತೆರೆದಾಗ ಮುಚ್ಚಿಟ್ಟ ಮನೆಯ ವಾಸನೆ. ಸಾಸಿವೆ ಡಬ್ಬಿಯ ಪಕ್ಕದ ಫೋನಿನಲ್ಲಿ "ಮನಿಯವರು" ದಾರಿಯುದ್ದಕ್ಕೂ ಮಾಡಿದ ಕರೆಗಳು ಒಂದರ ಕೆಳಗೊಂದು ಕೂತಿದ್ದವು. ಅವಕ್ಕೆ ಇನ್ನೊಂದನ್ನು ಸೇರಿಸಲು ಕೈ ಹೋಯಿತು. ನಿಂತೆ. ಅಶ್ವಿನಿಯ ನಂಬರು ಒತ್ತಿ, ಒಂದು ರಿಂಗು ಆದ ಮೇಲೆ ಕಟ್ ಮಾಡಿದೆ.

ಎತ್ತಿಬಿಡುತ್ತಾಳೇನೋ, ತಿರುಗಿ ಮಾಡಿ ಹೌ ಆರ್ ಯು ಎನ್ನುತ್ತಾಳೇನೋ ಎಂದು ಅಡುಗೆಮನೆಯ ನಡುವೆ ಫೋನು ಹಿಡಿದು ನಿಂತಿದ್ದೆ. ನನ್ನ ಕೈಯಲ್ಲಿ ಅದು ಒಂದೇ ಒಂದು ಸಲ ರಿಂಗಾಗಿ ಸುಮ್ಮನಾಯಿತು.

ನಾನು ಎತ್ತಲಿಲ್ಲ. ಮೊಳೆಯಿಂದ ಹಂಚು ಇಳಿಸಿ ಒಲೆಯ ಮೇಲಿಟ್ಟೆ.